ಗಳಿಗೆ ಬಟ್ಟಲಿನ ತೂತು

ಕೇಳ್ರಪ್ಪಾ ಮಕ್ಕಳೇ, ಕೈಗೆ ಗಡಿಯಾರ ಕಟ್ಟಿದೋರೂ ಕೇಳಿ, ಕಟ್ಟದೋರೂ ಕೇಳಿ. ಒಂದೂರು, ಹೆಸರು ಮಾತ್ರ ಕೇಳಬೇಡಿ. ಆ ಊರಿಗೆ ಗಡಿಯಾರ ಅಂದ್ರೆ ತಳದಲ್ಲಿ ಸೂಜಿಮೊನೆಯಷ್ಟು ತೂತಿರೋ ತಾಮ್ರದ ಬಟ್ಟಲು. ಕೊಪ್ಪರಿಗೆ ನೀರಲ್ಲಿ ತೇಲಿಬಿಟ್ರೆ ತೂತಿಂದ ನೀರು ಏರಿ ಏರಿ ಬುಳುಕ್ ಅಂತ ಮುಳುಗೋದು. ಮುಳುಗಿದ್ರೆ ಒಂದು ಗಳಿಗೆ. ಹಗಲಿಗೆ ಮೂವತ್ತು, ಇರುಳಿಗೆ ಮೂವತ್ತು.

ಕಾಲುವೆ ನೀರು ಹಂಚ್ತಿದ್ದದ್ದೂ ಈ ಬಟ್ಟಲೇ. ಹೊಲಕ್ಕೆ ಮೂರು ಗಳಿಗೆ. ಕಾಯೋನು ದ್ಯಾವಣ್ಣ. ಅವನಿಗೆ ಬಟ್ಟಲೇ ದೇವರು. ಬೆಳಗಾದ್ರೆ ಹುಣಸೆಹಣ್ಣು, ಮರಳು ಹಾಕಿ ಉಜ್ಜೋನು, ಉಜ್ಜೋನು, ಮುಖ ಕಾಣೋ ತನಕ ಉಜ್ಜೋನು.

ಕಾಲುವೆ ಕೊನೇಲಿ ಸಣ್ಣೀರಮ್ಮನ ಹೊಲ. ಒಬ್ಬಂಟಿ ಹೆಂಗಸು. ಆ ರಾಗಿ ಹೋದ್ರೆ ವರ್ಷದ ಊಟವೇ ಹೋಯ್ತು. ಮುಂಚೆ ಮೂರು ಗಳಿಗೇಲಿ ಕಡೇ ಸಾಲೂ ನೆನೀತಿತ್ತು. ಈಗ ನೀರು ಅಷ್ಟುದ್ದ ಕಾಲುವೆ ಹರಿದು ಬಂದು ಅರ್ಧ ಹೊಲ ದಾಟೋದ್ರೊಳಗೆ ಸರದಿ ಮುಗಿದು, ಸಸಿ ಹಳದಿಯಾಗ್ತಿತ್ತು. ಬಟ್ಟಲು ಬೇಗ ಮುಳುಗ್ತಿದೆ ಅಂತ ಬಂದು ಹೇಳಿದ್ಲು, ದ್ಯಾವಣ್ಣ ನಕ್ಕ. ಮತ್ತೆ ಬಂದ್ಲು, ನೀರು ಸೋರೋ ಇಲಿಬಿಲ ಹುಡುಕಿಕೋ ಅಂದ. ಮೂರನೇ ಸಲಕ್ಕೆ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಅಂದುಬಿಟ್ಟ.

"ನೆಲ ಬೇಡ ಅಣ್ಣ, ಸೂರ್ಯನ್ನೇ ಕೇಳೋಣ. ನಾಳೆ ಹಗಲೂ ಇರುಳೂ ಸರಿಸಮ. ಅವನು ಹುಟ್ಟಿ ಮುಳುಗೋದ್ರೊಳಗೆ ನಿನ್ನ ಬಟ್ಟಲು ಎಷ್ಟು ಸಲ ಮುಳುಗತ್ತೆ ಎಣಿಸು."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ? ಊರಿಗೂರೇ ಕೂತು ಎಣಿಸ್ತು. ಮೂವತ್ತಾಯ್ತು, ಹೊತ್ತಿನ್ನೂ ಮಾರುದ್ದ ಮೇಲಿತ್ತು. ಮೂವತ್ಮೂರಾಯ್ತು, ಬಿಸಿಲಿನ್ನೂ ಕಣ್ಣು ಕುಕ್ತಿತ್ತು. ಸೂರ್ಯ ಇಳಿದಾಗ ಲೆಕ್ಕ ಮೂವತ್ತಾರು.

ಕಂಚುಗಾರ ಬಟ್ಟಲು ತಿರುವಿ ನೋಡಿದ. ದಿನಾ ಉಜ್ಜಿ ಉಜ್ಜಿ ತೂತು ಅಗಲ ಆಗಿಹೋಗಿದೆ, ಗಳಿಗೆ ಸಣ್ಣದಾಗಿದೆ ಅಂದ. ಅತಿಯಾದರೆ ಅಮೃತವೂ ವಿಷ, ಸುಳ್ಳೇ? ದ್ಯಾವಣ್ಣನ ಮುಖ ಸುಟ್ಟ ಬದನೆಕಾಯಿ ಆಯ್ತು. ಕಂಚುಗಾರ ತೂತಿನ ಅಂಚು ಬಡಿದು ಬಡಿದು ಕಿರಿದು ಮಾಡಿದ. ಮತ್ತೆ ಎಣಿಸಿದ್ರು. ಸೂರ್ಯನೂ ಬಟ್ಟಲೂ ಮೂವತ್ತಕ್ಕೆ ಒಟ್ಟಿಗೇ ಮುಳುಗಿದ್ರು.

ಸಣ್ಣೀರಮ್ಮನ ಸರದಿ ಬಂತು. ನೀರು ಬದು ಮುಟ್ಟಿತು, ನಡುಹೊಲ ಮುಟ್ಟಿತು, ಕಡೇ ಸಾಲಿನ ಬೇರಿಗೂ ಮುಟ್ಟಿತು. ದ್ಯಾವಣ್ಣ ತಲೆ ತಗ್ಗಿಸಿ ಬದುವಿನ ಮೇಲೆ ಬಂದು, ಬೈದುಬಿಡು ತಾಯಿ ಅಂತ ನಿಂತ. ಅವಳು ಸೂರ್ಯನಿಗೆ ಒಂದು ಬೊಗಸೆ ನೀರು ಬಿಟ್ಟು, ಅದೇ ಒದ್ದೆ ಕೈ ಇವನಿಗೂ ಮುಗಿದ್ಲು.

"ಯಾಕೆ ಬೈಲಿ ಅಣ್ಣ? ತಪ್ಪಿದ್ದು ತೂತು. ನಮಗೋಸ್ಕರ ಕೂತ ಜಾಗದಿಂದ ನೀನು ಒಂದು ದಿನಾನೂ ಎದ್ದು ಹೋಗಲಿಲ್ಲ."

ನೀರು ಹೊಲಕ್ಕೆ, ಕತೆ ಕಿವಿಗೆ. ಕೂತು ಕೇಳಿದ ನಿಮಗೆ ನನ್ನ ಶರಣು, ನಾನಿನ್ನು ಮುಂದಿನೂರಿಗೆ.