ಮಂಡಿ ಮಡಿಸುವವರು

ರಷ್ಯಾದ ಕುರ್ಗಾನ್‌ನ ಮೂಳೆ ಆಸ್ಪತ್ರೆಯಲ್ಲಿ, ವ್ಯಾಯಾಮದ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕ ತಮ್ಮ ಕೂತಿದ್ದರು. ಗಿಡ್ಡವಾಗಿದ್ದ ಅಕ್ಕನ ಒಂದು ಕಾಲನ್ನು ಎಳೆದು ಉದ್ದ ಮಾಡಿದ್ದರು. ಅದಕ್ಕಾಗಿ ಕಾಲಿನ ಸುತ್ತ ಬಿಗಿದಿದ್ದ ಕಬ್ಬಿಣದ ಬಳೆಗಳನ್ನು ಕಳಚಿದ್ದರೂ ಮಂಡಿ ಸೆಟೆದೇ ಇತ್ತು.

"ಇನ್ನು ಇಲ್ಲಿಯವ್ರೇ ಮಡಿಸ್ಲಿ, ರಿಮ್ಮಾ. ಮನೇಲಿ ನಾನು ಮುಟ್ಟಲ್ಲ," ಅಂದ ತಮ್ಮ.

"ಹೆದ್ರಿದ್ಯಾ ಗ್ಲೆಬ್? ಪೊಲೀಸ್ನೋರು ಬಂದ್ರು ಅಂತಾನಾ?"

"ನೀನು ಹಂಗೆ ಕಿರುಚಿದ್ರೆ ಪಕ್ಕದ್ಮನೆ ಅಜ್ಜಿ ಪೊಲೀಸ್ರನ್ನ ಕರೀದೆ ಇನ್ನೇನ್ ಮಾಡ್ತಾಳೆ?"

"ಚಿಕ್ಕವಳಿದ್ದಾಗ ಅಪ್ಪ ಇದೇ ಕಾಲನ್ನ ಸಲಿಕೇಲಿ ಹೊಡೆದು ಮುರಿದ್ನಲ್ಲ, ಆವತ್ತು ಅದೇ ಅಜ್ಜಿ ಟೀವಿ ಸದ್ದು ಜೋರು ಮಾಡಿದ್ಲು."

ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ನಿನ್ನೆ ಒತ್ತುವಾಗ 'ಮುಚ್ಚೇ ಬಾಯಿ, ನಾಯಿ' ಅಂದೆ. ಅದು ಅಪ್ಪನ ಮಾತು."

"ಕೇಳಿಸ್ತು."

"ಮತ್ತೆ?"

"ಈ ತಿಂಗಳು ಮಡಿಸ್ದಿದ್ರೆ ಜನ್ಮಪೂರ್ತಿ ಗೂಟದ ಥರಾನೇ ಇರುತ್ತೆ. ಒತ್ತು. ಬೈಬೇಡ, ಅಷ್ಟೆ."

"ನೀನು ಸಾಕು ಅನ್ನೋದೇ ಇಲ್ವಲ್ಲ! ಎಲ್ಲಿ ನಿಲ್ಲಿಸ್ಬೇಕು ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ಅಪ್ಪನ ಹತ್ರ ಸಾಕು ಅಂದ್ರೆ ಇನ್ನೆರಡು ಏಟು ಬೀಳ್ತಿತ್ತು. ಬಾಯಿಗೆ ರೂಢಿ ಇಲ್ಲ."

ಒಳಗಿಂದ ಅವಳ ಹೆಸರು ಕೂಗಿದರು. ಅವಳು ಊರುಗೋಲು ಹಿಡಿದು ಎದ್ದಳು.

"ಈಗ್ಲೇ ಒಂದ್ಸಲ 'ಸಾಕು' ಅಂತ ಹೇಳು."

"ಇಲ್ಲೇನಾ? ಜನ ಇದಾರೆ."

"ಅದಕ್ಕೇ."

ಅವಳು ನನ್ನತ್ತ ನೋಡಿದಳು. ಬಾಯಿ ತೆರೆದಳು, ಏನೂ ಹೇಳದೆ ಒಳಗೆ ಹೋದಳು. ಅವನು ಕೈಗಳೆರಡನ್ನೂ ಜೇಬಿನೊಳಗೆ ತುರುಕಿಕೊಂಡು ಅವಳ ಹಿಂದೆ ನಡೆದ.