ಎನಿಡ್ ಪಾಸ್ಕೋಳ ಮೌನ

ಸ್ಕಾರ್ಬರೋದ ಕಡಲಗಾಳಿ ರಂಗಮಂದಿರದ ಹಿಂಬಾಗಿಲಿಗೆ ಮಳೆ ಎರಚುತ್ತಿತ್ತು. ಮಧ್ಯಾಹ್ನದ ಆಟ ಮುಗಿದಿತ್ತು. ಸಂಜೆಯದಕ್ಕೆ ಇನ್ನೂ ಎರಡು ತಾಸಿದ್ದುದರಿಂದ ನಟರು ಹೀಟರಿನ ಸುತ್ತ ಕೂತು ಕರಿದ ಮೀನಿನ ಪೊಟ್ಟಣ ಬಿಚ್ಚಿದ್ದರು. ನೆಸ್ಟಾ ಮಾತ್ರ ತನ್ನ ಪೊಟ್ಟಣ ಮುಟ್ಟಿರಲಿಲ್ಲ. ಚಿಕ್ಕಮ್ಮನ ಪಾತ್ರದವಳು ಜ್ವರವೆಂದು ಆಗಷ್ಟೇ ಮನೆಗೆ ಹೋಗಿದ್ದಳು. ಆ ಪಾತ್ರ ಈಗ ಇವಳದು. ಮಾತು ಮರೆತರೆ ಕಂಪನಿಯಲ್ಲಿ ಜಾಗವಿಲ್ಲ ಎಂದು ನಿರ್ದೇಶಕ ಮುಖಕ್ಕೇ ಹೇಳಿದ್ದ.

"ನಾನು ತಡವರಿಸಿದ್ರೆ ಬೇಗ ಮಾತು ಎತ್ಕೊಡಿ, ಮಿಸೆಸ್ ಪಿಮ್."

ಹೆಸ್ಟರ್ ಪಿಮ್ ಐವತ್ತು ವರ್ಷದಿಂದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು, ಮರೆತವರಿಗೆ ಮಾತು ಕೊಡುತ್ತಿದ್ದವಳು.

"ಅಜ್ಜಿಗೆ ಎಚ್ಚರ ಇದ್ರೆ ಕೊಡ್ತಾಳೆ," ಎಂದ ನಟರಲ್ಲೊಬ್ಬನಾದ ಕ್ಲೈವ್.

"ನೀನು ರಂಗದ ಮೇಲಿದ್ರೆ ನಿದ್ದೆ ಯಾರಿಗೆ ಬರಲ್ಲಪ್ಪ?" ಎಂದು ಮುದುಕಿ ನೆಸ್ಟಾಳ ಕಡೆ ತಿರುಗಿದಳು.

"ಕೇಳು ಹುಡುಗಿ... ಎನಿಡ್ ಪಾಸ್ಕೋ ಅಂತ ಒಬ್ಬ ನಟಿ ಇದ್ಲು. ನಲವತ್ತು ವರ್ಷ ಬರೀ ಸಣ್ಣ ಪಾತ್ರ... ಮನೆಗೆಲಸದವಳು, ಸಿಡುಕಿ ಅತ್ತೆ, ಸಿನಿಮಾದಲ್ಲಿ ಟೀ ತಂದಿಟ್ಟು ಹೋಗೋಳು... ಮುಖ ಎಲ್ಲರಿಗೂ ಗೊತ್ತು, ಹೆಸರು ಯಾರಿಗೆ ಗೊತ್ತು? ಕೊನೆಗೆ ಈ ಚಿಕ್ಕಮ್ಮನ ಪಾತ್ರ ಸಿಕ್ತು. ಅದರಲ್ಲಿ ಒಂದು ಕಡೆ, ಅಂಚೆಯವನು ತಂದ ತಂತಿ ಓದಿ ಸುಮ್ಮನೆ ಕೂತ್ಕೊಳ್ಳೋಳು... ಇಡೀ ಸಭೆ ಉಸಿರು ಬಿಗಿ ಹಿಡೀತಿತ್ತು. ಮೊದಲ ದಿನ ನಾನು, ಮರೆತಳು ಅಂದ್ಕೊಂಡು ಮಾತು ಕೊಟ್ಟೆ. ಒಳಗೆ ಬಂದವಳೇ ಎಲ್ಲರೆದುರು ಉಗಿದ್ಲು: 'ಅದು ಮರೆವಲ್ಲ ಕಣೇ, ನನ್ನ ಮೌನ! ಇನ್ನೊಮ್ಮೆ ಬಾಯಿ ಹಾಕಿದ್ಯೋ, ಜೋಕೆ!' ನಾನು ತುಟಿ ಹೊಲ್ಕೊಂಡೆ. ಆರನೇ ವಾರ, ಬುಧವಾರ... ತಂತಿ ಓದಿದ್ಲು, ಸುಮ್ಮನಾದ್ಲು. ಕಣ್ಣು ಮಾತ್ರ ನನ್ನ ಕಡೆ ತಿರುಗ್ತು, ತುಟಿ ಅಲ್ಲಾಡ್ತು. ಮಾತು ಕೇಳ್ತಿದಾಳಾ, ನಟಿಸ್ತಿದಾಳಾ? ಹೇಗೆ ಹೇಳ್ಲಿ? ನಾನು ಕೊಡಲಿಲ್ಲ. ಕೊನೆಗೆ ಪರದೆ ಇಳಿಸಿದ್ರು. ಜನ ಎದ್ದು ನಿಂತು ಚಪ್ಪಾಳೆ ತಟ್ತಾ ಇದ್ರು... ಇತ್ತ ನಾನು ಮುಟ್ಟಿದ್ರೆ, ಅವಳ ಕೈ ತಣ್ಣಗಾಗಿತ್ತು."

ಕ್ಲೈವ್ ಕೈಯಲ್ಲಿದ್ದ ಮೀನಿನ ತುಂಡನ್ನು ಮತ್ತೆ ಪೊಟ್ಟಣಕ್ಕೆ ಹಾಕಿದ. ಮುದುಕಿ ಮುಂದುವರಿಸಿದಳು.

"ಈ ನಾಟಕ ಯಾವಾಗ ಆಡಿದ್ರೂ ಆ ಜಾಗಕ್ಕೆ ಬಂದಾಗ ನನ್ನ ಕಿವಿಯಲ್ಲಿ ಅವಳ ದನಿ ಕೇಳುತ್ತೆ... 'ಮುಂದೇನೇ, ಹೆಸ್ಟರ್?' ಇವತ್ತು ಮಧ್ಯಾಹ್ನವೂ ಕೇಳಿದ್ಲು. ಅದಕ್ಕೇ ತಂತಿ ಓದಿದ ಮೇಲಿನ ಆ ಮಾತನ್ನ ಎರಡು ಸಲ ಕೊಡ್ತೀನಿ. ಮೊದಲನೇದು ಅವಳಿಗೆ. ಎರಡನೇದು ಬರೋ ತನಕ, ನಿನಗೆ ಎಷ್ಟೇ ದಿಗಿಲಾದ್ರೂ ಬಾಯಿ ಬಿಡಬೇಡ."

ನೆಸ್ಟಾ ಮುದುಕಿಯ ತೋಳು ಹಿಡಿದಳು. "ದಿಗಿಲಲ್ಲಿ ಮೊದಲನೇ ಸಲಕ್ಕೇ ಹೇಳಿಬಿಟ್ರೆ?"

ಮುದುಕಿ ಪುಸ್ತಕ ಎತ್ತಿಕೊಂಡು ಎದ್ದಳು.

"ನಾಳೆಯಿಂದ ಅವಳಿಗೊಂದು, ನಿನಗೊಂದು, ನಿನ್ನ ಜಾಗಕ್ಕೆ ಬರೋಳಿಗೊಂದು... ಮೂರು ಸಲ ಕೊಡ್ಬೇಕಾಗುತ್ತೆ."