ಅತ್ತೆ ಆರಿಸಿದ ವಿಶ್ವವಿದ್ಯಾಲಯ

ಅಧ್ಯಕ್ಷ ಪೀಠದಲ್ಲಿರುವ ಪೂಜ್ಯ ಪಾದ್ರಿಗಳೇ, ನಮ್ಮ ಊರಿನ ಒಡೆಯರೇ, ಮುಖ್ಯೋಪಾಧ್ಯಾಯಿನಿಯವರೇ, ಶಾಲೆ ಮುಗಿಸಿ ಹೊರಟಿರುವ ಮಕ್ಕಳೇ, ಹೊರಗೆ ಹಂದಿ ಸುಡುವ ವಾಸನೆ ಬಂದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ನಾನು ಕಲೊಲೈನೆ. ಇಲ್ಲಿ ನೆಯಾಫುವಿನ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಾಗದಗಳಿಗೆ ಮುದ್ರೆ ಒತ್ತಿದವಳು. ಹೊರದೇಶದಲ್ಲಿ ಓದಲು ವಿಶ್ವವಿದ್ಯಾಲಯವನ್ನು ಹೇಗೆ ಆರಿಸಬೇಕು ಎಂಬುದರ ಬಗ್ಗೆ ಐದು ನಿಮಿಷ ಮಾತನಾಡಿ ಎಂದು ಮುಖ್ಯೋಪಾಧ್ಯಾಯಿನಿಯವರು ಅಪ್ಪಣೆ ಕೊಟ್ಟಿದ್ದಾರೆ. ನಾನೇ ಯಾಕೆ? ಈ ವರ್ಷ ಸರ್ಕಾರದ ವಿದ್ಯಾರ್ಥಿವೇತನ ಗೆದ್ದ ಫಿಫಿತಾ ನನ್ನ ಅಣ್ಣ ಸೇಮಿಸಿಯ ಮಗಳು, ಅಷ್ಟೇ ಕಾರಣ. ನಮ್ಮ ಟೊಂಗಾದಲ್ಲಿ ಸೋದರತ್ತೆಗಿಂತ ದೊಡ್ಡ ಅಧಿಕಾರಿ ಯಾರಿದ್ದಾರೆ? ಮದುವೆಯಲ್ಲಿ ಒಳ್ಳೆಯ ಚಾಪೆ ಅವಳಿಗೆ, ಕೇಕಿನ ಮೇಲಿನ ಅಂತಸ್ತು ಅವಳಿಗೆ. ಅವಳು ಕೇಳಿದ್ದನ್ನು ಅಣ್ಣನ ಮಕ್ಕಳು ಇಲ್ಲ ಅನ್ನುವಂತಿಲ್ಲ. ಹಾಗಾಗಿ ವಿಶ್ವವಿದ್ಯಾಲಯವನ್ನೂ ಅವಳೇ ಆರಿಸಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು.

ನಾಲ್ಕು ಊರುಗಳಿಂದ ನಾಲ್ಕು ಚಿತ್ರದ ಪುಸ್ತಕಗಳು ಬಂದವು. ಸುವಾ, ಆಕ್ಲೆಂಡ್, ದುನೇಡಿನ್, ಹೊನೊಲುಲು. ನಾಲ್ಕರಲ್ಲೂ ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಕುಳಿತು ನಗುತ್ತಿದ್ದರು. ನಾಲ್ಕರಲ್ಲೂ ಒಬ್ಬರಾದರೂ ಓದುತ್ತಿರಲಿಲ್ಲ. ಇದನ್ನು ನೋಡಿ ನಾನು ಯಾವುದನ್ನೆಂದು ಆರಿಸಲಿ?

ಅಣ್ಣನ ಮನಸ್ಸಿನಲ್ಲೇನಿದೆ ಎಂದು ಕೇಳಬೇಕಿತ್ತು. ಆದರೆ ನಾವಿಬ್ಬರೂ ಹಳೇ ಕಾಲದವರು. ಈಗಿನ ಅಣ್ಣ ತಂಗಿಯರು ಒಂದೇ ಸೋಫಾದ ಮೇಲೆ ಕುಳಿತು ಟಿವಿ ನೋಡುತ್ತಾರೆ. ನಾವು ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕುಳಿತಿಲ್ಲ, ಮುಖ ಕೊಟ್ಟು ಮನಸ್ಸಿನ ಮಾತಾಡಿಲ್ಲ. ಅದು ಜಗಳವಲ್ಲ, ಮರ್ಯಾದೆ. ಏನಿದ್ದರೂ ಅತ್ತಿಗೆಯ ಮೂಲಕವೇ. ಪಾಪ, ಅವರು ಎರಡು ಮನೆಗಳ ನಡುವೆ ನಡೆದೂ ನಡೆದೂ ಚಪ್ಪಲಿ ಸವೆಸಿದರು.

“ಅವರು ಕೇಳ್ತಿದಾರೆ, ನಿಮಗೆ ಆಕ್ಲೆಂಡ್ ಇಷ್ಟ ಅಲ್ವಾ ಅಂತ.”

“ಅವನಿಗೆ ಇಷ್ಟ ಇದ್ರೆ ನಂಗೂ ಇಷ್ಟ ಅಂತ ಹೇಳಿ ಅತ್ತಿಗೆ.”

“ನಿಮಗೆ ಇಷ್ಟ ಇದ್ರೆ ಅವರಿಗೂ ಇಷ್ಟ ಅಂತೆ.”

ಹೀಗೆ ಅರ್ಜಿಯಲ್ಲಿ ಆಕ್ಲೆಂಡ್ ಎಂದು ಬರೆದದ್ದಾಯಿತು. ಅಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಿದೆ, ನಮ್ಮ ಚರ್ಚ್ ಇದೆ, ನಮ್ಮ ಗೆಣಸೂ ಸಿಗುತ್ತದೆ. ಇನ್ನೇನು ಬೇಕು?

ಹೋದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಫಿಫಿತಾಳನ್ನು ನೋಡಿದೆ. ಹುಡುಗಿಯ ಮುಖ ಬಾಡಿ ಹೋಗಿತ್ತು.

“ಏನೇ, ಹೊರದೇಶಕ್ಕೆ ಹೋಗೋಳ ಮುಖಾನಾ ಇದು?”

“ಏನಿಲ್ಲ ಅತ್ತೆ. ನೀವು ಹೇಳಿದ್ಮೇಲೆ ಮುಗೀತು.”

“ಹಾಗಾದ್ರೆ ಅತ್ತೆ ಹಕ್ಕಿಂದಾನೇ ಕೇಳ್ತೀನಿ. ನಂಗೆ ಚಾಪೆ ಬೇಡ, ಕೇಕ್ ಬೇಡ. ನಿನ್ನ ಮನಸ್ಸಲ್ಲಿರೋದು ಬೇಕು, ಕೊಡು.”

ಇಲ್ಲ ಅನ್ನುವಂತಿಲ್ಲವಲ್ಲ, ಸಿಕ್ಕಿಬಿದ್ದಳು. ನೆಲ ನೋಡುತ್ತ ಹೇಳಿದಳು.

“ದುನೇಡಿನ್.”

“ಆ ಚಳಿಯಲ್ಲಿ ಏನಿದೆಯೇ?”

“ಕಡಲ ಜೀವಿಗಳ ಬಗ್ಗೆ ಓದಬಹುದು. ಆಮೇಲೆ, ಅಲ್ಲಿ ನಮ್ಮೋರು ಯಾರೂ ಇಲ್ಲ.”

“ಯಾಕೆ, ನಮ್ಮೋರು ಕಚ್ತಾರಾ?”

“ಇಲ್ಲತ್ತೆ, ಮುದ್ದು ಮಾಡ್ತಾರೆ. ಚಿಕ್ಕಪ್ಪನ ಮನೇಲಿ ಹದಿಮೂರು ಜನ. ಸೋಮವಾರ ಹಾಡು, ಬುಧವಾರ ಪ್ರಾರ್ಥನೆ, ಯಾರಾದ್ರೂ ಸತ್ರೆ ವಾರಗಟ್ಲೆ ಅಡುಗೆ. ಅಲ್ಲಿ ನಾನು ಓದೋದು ಯಾವಾಗ?”

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ನೆಂಟರು ಬೇಡ ಎನ್ನುವ ಹುಡುಗಿಗೆ ಏನು ಹೇಳುವುದು? ಮನೆಗೆ ಬಂದು ಪಾತ್ರೆಗಳನ್ನೆಲ್ಲ ಜೋರಾಗಿ ತೊಳೆದೆ. ತೊಳೆಯುತ್ತಿದ್ದಾಗ ಅಳು ಬಂತು.

ಸಭಿಕರೇ, ಆಕ್ಲೆಂಡಿನ ಆ ಮನೆ ನನಗೆ ಗೊತ್ತು. ಹದಿನೆಂಟು ವರ್ಷದವಳಿದ್ದಾಗ ನನ್ನನ್ನೂ ಓದಲೆಂದು ಅಲ್ಲಿಗೇ ಕಳಿಸಿದ್ದರು. ಆಗ ನನ್ನ ಸೋದರತ್ತೆ ಆರಿಸಿದ್ದು. ನಾನು ಟೀಚರ್ ಆಗಬೇಕಿತ್ತು. ಆದರೆ ಆ ಮನೆಯಲ್ಲಿ ಕೂಸು ಇರದ ವರ್ಷವೇ ಇರಲಿಲ್ಲ. ಯಾರೂ ನನ್ನನ್ನು ಗದರಲಿಲ್ಲ. “ನಮ್ಮ ಕಲೊಲೈನೆ ಎತ್ಕೊಂಡ್ರೇ ಮಗು ಸುಮ್ನಾಗೋದು” ಎಂದು ಪ್ರೀತಿಯಿಂದ ಕೈಗೆ ಕೊಡುತ್ತಿದ್ದರು. ಪ್ರೀತಿಯಿಂದ ಕೊಟ್ಟ ಮಗುವನ್ನು ಬೇಡ ಅನ್ನುವುದು ಹೇಗೆ? ನಾಲ್ಕು ವರ್ಷ ಮಕ್ಕಳನ್ನು ತೂಗಿ, ಪದವಿ ಇಲ್ಲದೆ ವಾಪಸು ಬಂದೆ. ಹವೆ ಒಗ್ಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ. ನೀವೆಲ್ಲ ನಂಬಿದಿರಿ, ದೊಡ್ಡ ಉಪಕಾರವಾಯಿತು.

ನಿನ್ನೆ ಅತ್ತಿಗೆ ಬಂದಾಗ, ಅಣ್ಣನಿಗೆ ಆಕ್ಲೆಂಡೇ ಯಾಕೆ ಎಂದು ಮೊದಲ ಸಲ ನೇರವಾಗಿ ಕೇಳಿದೆ. ಅವರು ಏನೆಂದರು ಗೊತ್ತೇ?

“‘ನನ್ನ ತಂಗಿ ಅಲ್ಲಿ ಎಷ್ಟು ಸುಖವಾಗಿದ್ಲು, ನನ್ನ ಮಗಳೂ ಹಾಗೇ ಇರ್ಲಿ’ ಅಂತಾರೆ. ನಿಮ್ಮ ಕಾಗದಗಳನ್ನ ಇನ್ನೂ ಪೆಟ್ಟಿಗೇಲಿ ಇಟ್ಕೊಂಡಿದಾರೆ.”

ಆ ಕಾಗದಗಳಲ್ಲಿ ನಾನು ಬರೆದಿದ್ದಾದರೂ ಏನು? ಸುಖವಾಗಿದ್ದೇನೆ, ಸುಖವಾಗಿದ್ದೇನೆ, ಸುಖವಾಗಿದ್ದೇನೆ. ತೋಟದಲ್ಲಿ ಬೆವರು ಸುರಿಸಿ ನನ್ನನ್ನು ಕಳಿಸಿದವನಿಗೆ ಬೇರೆ ಏನು ಬರೆಯಲಿ?

ಮುಖ್ಯೋಪಾಧ್ಯಾಯಿನಿಯವರೇ, ಐದು ನಿಮಿಷ ದಾಟಿತು, ಕ್ಷಮಿಸಬೇಕು. ನಮ್ಮಣ್ಣ ಕಿಟಕಿಯಾಚೆ ದೀವಿಹಲಸಿನ ಮರದ ಕೆಳಗೆ ನಿಂತು ಕೇಳುತ್ತಿದ್ದಾನೆ. ನಾನು ಇರುವ ಕಡೆ ಅವನು ಒಳಗೆ ಬರುವುದಿಲ್ಲ. ಮನೆಯಲ್ಲಿ ಹೇಳಲಾಗದ್ದನ್ನು ಸಭೆಯಲ್ಲಿ ಹೇಳಬಾರದು ಎಂಬ ನಿಯಮವೇನೂ ನಮ್ಮಲ್ಲಿಲ್ಲ. ಇದ್ದರೆ ಪಾದ್ರಿಗಳು ಆಮೇಲೆ ಬೈಯಲಿ.

ಅಣ್ಣಾ, ನಾನು ಅಲ್ಲಿ ಸುಖವಾಗಿರಲಿಲ್ಲ. ಅದು ನಿನ್ನ ತಪ್ಪಲ್ಲ, ನಾನು ಹೇಳಲಿಲ್ಲ.

ಅರ್ಜಿ ಬದಲಿಸಲು ನಾಳೆಯೇ ಕೊನೆಯ ದಿನ. ದುನೇಡಿನ್ ಎಂದು ಬರೆದ ಹೊಸ ಅರ್ಜಿ ಈ ಮೇಜಿನ ಮೇಲಿದೆ, ತಂದೆಯ ಸಹಿಯೊಂದು ಬಾಕಿ. ನನ್ನ ಮಾತು ಕೇಳಿ ನೀನು ಸಹಿ ಮಾಡುವುದು ಬೇಡ. ಫಿಫಿತಾ ಇಲ್ಲೇ ಕುಳಿತಿದ್ದಾಳೆ, ಅವಳನ್ನೇ ಕೇಳು. ನಿನ್ನ ಮಗಳ ಪಕ್ಕ ಕೂರಲು ನಿನಗೆ ಯಾವ ಅಡ್ಡಿಯೂ ಇಲ್ಲ.

ಅವಕಾಶ ಕೊಟ್ಟವರಿಗೆ, ಕೇಳಿದವರಿಗೆ, ಒಲೆಯ ಮುಂದೆ ಬೇಯುತ್ತಿರುವವರಿಗೆ ನನ್ನ ವಂದನೆಗಳು. ಇಷ್ಟು ಹೇಳಿ ನಾನು ಹಿಂಬಾಗಿಲಿನಿಂದ ಹೊರಗೆ ಹೋಗುತ್ತೇನೆ. ಅಣ್ಣಾ, ನೀನು ಮುಂಬಾಗಿಲಿನಿಂದ ಒಳಗೆ ಬಾ.

ಎಲ್ಲರಿಗೂ ನಮಸ್ಕಾರ.